ತಮ್ಮನ ಸಿಲಿಂಡರ್

ನನ್ನ ಭಾವ ನನ್ನನ್ನು ಪಟಾಕಿ ಅಂತ ಕರೆಯುತ್ತಾರೆ. ಅಕ್ಕನ ಮದುವೆಯಾದ ವರ್ಷದಿಂದಲೂ ಅದೇ ಹೆಸರು. ಮೊದಮೊದಲು ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿಕೊಂಡಷ್ಟೂ ಹೆಸರು ಗಟ್ಟಿಯಾಗುತ್ತದೆ ಅಂತ ಗೊತ್ತಾದ ಮೇಲೆ ಸುಮ್ಮನಾದೆ. ಏನಾದರೂ ಕೆಲಸ ಆಗಬೇಕಾದಾಗ ಮಾತ್ರ ಅದೇ ಹೆಸರನ್ನು ಬೆಣ್ಣೆ ಹಚ್ಚಿ ಕರೆಯುತ್ತಾರೆ. ಈ ಸಲವೂ ಅಷ್ಟೇ. "ನಮ್ಮ ಪಟಾಕಿ ಇರುವಾಗ ಹೊರಗಿನವರು ಯಾಕಮ್ಮ? ನೀನೇ ಬಂದು ಒಂದು ಕೈ ನೋಡು," ಅಂದರು.

ಭಾವ ಮತ್ತು ಅಕ್ಕನದು ಮನೆಗಳಿಗೆ ಆಕ್ಸಿಜನ್ ಸಿಲಿಂಡರ್ ತಲುಪಿಸುವ ವ್ಯವಹಾರ. ಶ್ವಾಸಕೋಶ ಕೈಕೊಟ್ಟವರು, ಮೂಗಿಗೆ ನಳಿಗೆ ಹಾಕಿಕೊಂಡೇ ಉಣ್ಣುವವರು, ಹಾಕಿಕೊಂಡೇ ಮಲಗುವವರು ಅವರ ಗಿರಾಕಿಗಳು. ಸೋಮವಾರ ಮತ್ತು ಗುರುವಾರ ವ್ಯಾನುಗಳು ಹೊರಡುತ್ತವೆ, ತುಂಬಿದ್ದನ್ನು ಇಟ್ಟು ಖಾಲಿಯಾದದ್ದನ್ನು ಹೊತ್ತು ತರುತ್ತವೆ. ಯಾವ ಮನೆಗೆ ಯಾವ ದಿನ, ಯಾವ ರಸ್ತೆ ಮೊದಲು ಯಾವುದು ಆಮೇಲೆ, ಎಲ್ಲವನ್ನೂ ಹೇಳುವುದು ಒಂದು ಹಳೆಯ ಸಾಫ್ಟ್‌ವೇರ್. ಅದನ್ನು ಒಬ್ಬರೇ ಕೂತು ಬರೆದವರು ಭಾವನ ಅಣ್ಣ. ನಾನು ಅವರನ್ನು ದೊಡ್ಡಭಾವ ಅನ್ನುತ್ತೇನೆ. ಈಗ ಅವರಿಗೂ ಅದೇ ಕಾಯಿಲೆ. ತಾವು ಬರೆದ ಪಟ್ಟಿಯಲ್ಲಿ ತಾವೇ ಒಬ್ಬ ಗಿರಾಕಿಯಾಗಿ, ಊರಿನ ಇನ್ನೊಂದು ತುದಿಯಲ್ಲಿ ಮಗಳ ಮನೆಯಲ್ಲಿ ಕೂತಿದ್ದಾರೆ.

ಹಳೆಯ ಸಾಫ್ಟ್‌ವೇರುಗಳ ಒಳಗಿರುವುದನ್ನೆಲ್ಲ ಎತ್ತಿ ಹೊಸದಕ್ಕೆ ಸಾಗಿಸುವುದೇ ನನ್ನ ಹೊಟ್ಟೆಪಾಡು. ಮನೆ ಬದಲಾಯಿಸಿದ ಹಾಗೆಯೇ ಅದು. ಮಂಚ ಬಾಗಿಲಲ್ಲಿ ತೂರುವುದಿಲ್ಲ, ಕಪಾಟಿನ ಹಿಂದೆ ಏನೇನೋ ಸಿಗುತ್ತದೆ, ಮನೆಯವರು ಬೇರೆ ತಲೆ ತಿನ್ನುತ್ತಿರುತ್ತಾರೆ. ಈ ಸಲ ತಲೆ ತಿನ್ನಲು ಭಾವ ಒಬ್ಬರೇ ಇದ್ದರು. ಕೌಂಟರನ್ನೂ ವ್ಯಾನುಗಳ ಪಟ್ಟಿಯನ್ನೂ ನೋಡಿಕೊಳ್ಳುವುದು ಅಕ್ಕ. ಅವಳು ದವಡೆ ಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು ಮನೆಯಲ್ಲಿ ಮಲಗಿದ್ದಳು. ಮಾತಾಡಲೇಬಾರದು ಅಂತ ಡಾಕ್ಟರ ಕಟ್ಟಪ್ಪಣೆ. "ಇಷ್ಟು ವರ್ಷದಲ್ಲಿ ನನ್ನ ಕೈಲಿ ಆಗದ್ದನ್ನು ಆ ಮನುಷ್ಯ ಒಂದೇ ಇಕ್ಕಳದಲ್ಲಿ ಮಾಡಿಬಿಟ್ಟ," ಅಂತ ಭಾವ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಭಾನುವಾರ ಬೆಳಗ್ಗೆ ಶುರು ಮಾಡಿದೆ. ಆಫೀಸಿನ ಹಿಂದೆಯೇ ಗೋಡೌನು, ಅಲ್ಲಿ ಸಿಲಿಂಡರುಗಳು ಸರಪಳಿ ಕಟ್ಟಿಸಿಕೊಂಡು ಸಾಲಾಗಿ ನಿಂತಿದ್ದವು. ಸರ್ವರ್ ಅನ್ನಿಸಿಕೊಂಡ ಮುದಿ ಪೆಟ್ಟಿಗೆ ಮೇಜಿನ ಕೆಳಗೆ, ನೀರಿನ ಕ್ಯಾನಿನ ಪಕ್ಕ ಗೊರಗೊರ ಅನ್ನುತ್ತಿತ್ತು. ಮೊದಲು ಬ್ಯಾಕಪ್ ತೆಗೆದು ನನ್ನ ಡಿಸ್ಕಿಗೆ ಹಾಕಿಕೊಂಡೆ. ಬ್ಯಾಕಪ್ ಇಲ್ಲದೆ ನಾನು ಯಾರ ಮನೆಯ ಗಡಿಯಾರವನ್ನೂ ಮುಟ್ಟುವವಳಲ್ಲ. ಆಮೇಲೆ ಅಪ್‌ಗ್ರೇಡಿಗೆ ಗುಂಡಿ ಒತ್ತಿದೆ. ಅರ್ಧ ದಾರಿಗೆ ಹೋಗುವ ಮೊದಲೇ ಕೆಂಪು ಅಕ್ಷರ. ಹಳೆಯ ಆವೃತ್ತಿಯಿಂದ ನೇರ ಬರಲಾಗದು, ನಡುವಿನದೊಂದನ್ನು ದಾಟಿ ಬಾ ಅನ್ನುತ್ತಿತ್ತು. ದಾಟಿಸಿದೆ. ಇನ್ನೊಂದು ಕೆಂಪು. ಈಗ ಪಾಸ್‌ವರ್ಡ್ ಬೇಕಂತೆ. ಭಾವನನ್ನು ಕೇಳಿದರೆ, "ಅದೆಲ್ಲ ಅಣ್ಣಂಗೇ ಗೊತ್ತು," ಅಂತ ಕೈ ಝಾಡಿಸಿದರು.

ದೊಡ್ಡಭಾವನಿಗೆ ಫೋನ್ ಮಾಡಿದೆ. ಅವರು ಮಾತಿನ ನಡುವೆ ಉಸಿರಿಗೆ ನಿಲ್ಲಬೇಕು. ನನಗೆ ಕಾಯುವ ಅಭ್ಯಾಸವಿಲ್ಲ.

"ಬರ್ಕೋ," ಅಂದರು. "ಒಂದು, ಎರಡು, ಮೂರು..." ಉಸಿರು. "ನಾಲ್ಕು, ಐದು..."

"ಎಂಟರ ತನಕ ಹಿಂಗೇನಾ?"

"ಹೌದು. ಇಷ್ಟು ಸುಲಭ ಇರುತ್ತೆ ಅಂತ... ಯಾವ ಕಳ್ಳಂಗೂ ಹೊಳೆಯಲ್ಲ."

ನಗು ಬರಬೇಕಿತ್ತು, ಬರಲಿಲ್ಲ. ಸೋಮವಾರ ಬೆಳಗ್ಗೆ ವ್ಯಾನು ಹೊರಡುವಷ್ಟರಲ್ಲಿ ಪಟ್ಟಿ ಸಿದ್ಧವಾಗದಿದ್ದರೆ ಎಷ್ಟೋ ಮನೆಗಳಲ್ಲಿ ಉಸಿರಿಗೇ ಸಂಚಕಾರ. ಈ ವಿಚಾರ ಬೆಳಗಿನಿಂದ ನನ್ನ ಕಾಲಿನ ಕೆಳಗೆ ಕೆಂಡ ಇಟ್ಟಿತ್ತು. ಕುರ್ಚಿಯಲ್ಲಿ ಕೂರುವುದು, ಏಳುವುದು, ಗೋಡೌನಿನ ಬಾಗಿಲ ತನಕ ಹೋಗಿ ಬರುವುದು, ಪರದೆಯ ಮೇಲಿನ ಹಸಿರು ಪಟ್ಟಿ ಮುಂದೆ ಸರಿಯಿತೇ ಅಂತ ನೋಡುವುದು, ಇಷ್ಟೇ ಆಯಿತು. ಭಾವ ಚಹಾ ತಂದಿಟ್ಟರು. "ಆಯ್ತೇನಮ್ಮ?" ಅಂದರು. ಮತ್ತೆ ಬಂದು, "ಇನ್ನೂ ಆಗಿಲ್ವೇನಮ್ಮ?" ಅಂದರು. ಮೂರನೆಯ ಸಲ ನಾನು ತಿರುಗಿ ನೋಡಿದ ನೋಟಕ್ಕೆ ಗೋಡೌನು ಗುಡಿಸಲು ಹೊರಟುಹೋದರು.

ಮಧ್ಯಾಹ್ನ ದೊಡ್ಡ ಎರರ್ ಬಂತು. ಒಂದೇ ಗಿರಾಕಿ ಎರಡು ಸಲ ಇದ್ದಾನೆ, ಇಂಥವರನ್ನು ನಾನು ಒಳಗೆ ಬಿಡುವುದಿಲ್ಲ ಅಂತ ಹೊಸದು ಹಟ ಹಿಡಿಯಿತು. ತೆರೆದು ನೋಡಿದೆ. ಒಬ್ಬ ನಿವೃತ್ತ ಮೇಷ್ಟ್ರು, ಅವರ ಕೆಳಗೇ 'ಮೇಷ್ಟ್ರ ತಮ್ಮ'. ಅದೇ ವಿಳಾಸ, ಅದೇ ಫೋನು, ಹುಟ್ಟಿದ ತಾರೀಕೂ ಅದೇ. ಮುಂದೆ ಒಬ್ಬ ದರ್ಜಿ, ದರ್ಜಿಯ ತಮ್ಮ. ಒಬ್ಬ ಅಜ್ಜಿ, ಅಜ್ಜಿಯ ತಮ್ಮ. ಒಟ್ಟು ಹತ್ತಿಪ್ಪತ್ತು ಮನೆಗಳಲ್ಲಿ ಹೀಗೆ.

"ಭಾವ, ನಿಮ್ಮ ಗಿರಾಕಿಗಳೆಲ್ಲ ಅವಳಿ ಜವಳಿಗಳಾ?"

ಅವರು ಪೊರಕೆ ಹಿಡಿದೇ ಬಗ್ಗಿ ನೋಡಿದರು. "ವಂಶದ ಕಾಯಿಲೆ ಇರಬಹುದಮ್ಮ. ಕೌಂಟರಿಂದು ನಂಗೇನು ಗೊತ್ತು, ನಿಮ್ಮಕ್ಕನ ರಾಜ್ಯ ಅದು."

ಅಕ್ಕನನ್ನು ಕೇಳಬಹುದಿತ್ತು. ಮಾತಾಡಬಾರದು, ಸರಿ, ಬರೆದು ತಿಳಿಸಬಹುದಿತ್ತಲ್ಲ. ಆದರೆ ಸಾಫ್ಟ್‌ವೇರ್ ಬರೆದವರೇ ಫೋನಿನಲ್ಲಿ ಸಿಗುವಾಗ ಬಳಸುವವರನ್ನು ಕೇಳುವುದೇನು ಅನ್ನುವ ಜಂಬ ನನ್ನದು. ದೊಡ್ಡಭಾವನಿಗೇ ಮತ್ತೆ ಫೋನ್ ಹಚ್ಚಿದೆ.

"ಒಂದು ಮನೆಗೆ ಎರಡು ಎಂಟ್ರಿ? ಸಾಧ್ಯನೇ ಇಲ್ಲ," ಅಂದರು. ದನಿಯಲ್ಲಿ ಹಳೆಯ ಗತ್ತು ಎದ್ದು ಬಂತು. "ಒಂದು ಮನೆಗೆ ಒಂದು ಸರದಿಗೆ ಒಂದೇ ಸಿಲಿಂಡರ್. ಹಂಗಂತಾನೇ ಬರೆದಿದ್ದೀನಿ. ಹಿಂದೆ ಯಾರೋ... ಎರಡು ತರಿಸ್ಕೊಂಡು ಒಂದನ್ನ ಬೇರೆಯವರಿಗೆ ಮಾರ್ಕೊಂಡಿದ್ದ. ಅವತ್ತಿಂದ ಇದೇ ನಿಯಮ. ಎರಡೆರಡು ಬಂದಿದ್ರೆ... ಕೌಂಟರ್‌ನವರ ಎಡವಟ್ಟು. ಅಳಿಸಿಹಾಕು."

ಅಳಿಸಿಹಾಕಿದೆ. ಒಂದೊಂದಾಗಿ ನೋಡಲಿಲ್ಲ, ಒಂದೇ ಆಜ್ಞೆ ಕೊಟ್ಟು ತಮ್ಮಂದಿರನ್ನೆಲ್ಲ ಅಣ್ಣಂದಿರೊಳಗೆ ಸೇರಿಸಿಬಿಟ್ಟೆ. ಹಸಿರು ಪಟ್ಟಿ ಸರಸರ ಓಡಿ ಕೊನೆ ಮುಟ್ಟಿತು. ಭಾವ ಪೊರಕೆ ಎತ್ತಿ ಕುಣಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅದೇ ಸಂಜೆ ದೊಡ್ಡಭಾವ ತಾವೇ ಫೋನ್ ಮಾಡಿದರು. ತಾರೀಕುಗಳನ್ನು ಒಮ್ಮೆ ನೋಡು ಅಂದರು. ಇಟ್ಟು, ಮತ್ತೆ ಮಾಡಿ, ರಸ್ತೆಗಳ ಕ್ರಮ ಒಮ್ಮೆ ನೋಡು ಅಂದರು. ಮತ್ತೊಮ್ಮೆ ಮಾಡಿದಾಗ ನನ್ನ ತಾಳ್ಮೆ ಹರಿದುಹೋಯಿತು. "ದೊಡ್ಡಭಾವ, ನಿಮ್ಮ ಹಳೇದರ ಕಾಲ ಮುಗೀತು. ಹೊಸದರಲ್ಲಿ ಹುಳುಕು ಹುಡುಕೋಕೆ ಇನ್ನು ದಯವಿಟ್ಟು ಫೋನ್ ಮಾಡಬೇಡಿ," ಅಂದೆ.

ಆ ಕಡೆ ಉಸಿರು ಮಾತ್ರ ಕೇಳಿಸಿತು. "ಆಯ್ತಮ್ಮ," ಅಂದು ಇಟ್ಟರು.

ಸೋಮವಾರ ಭಾವ ಡ್ರೈವರುಗಳನ್ನು ನಿಲ್ಲಿಸಿಕೊಂಡು ಭಾಷಣ ಮಾಡಿದರು. ಇವತ್ತಿನಿಂದ ಫೋನಿನ ಪರದೆಯಲ್ಲಿ ಏನು ಬರುತ್ತದೋ ಅಷ್ಟೇ, ನೆನಪು ಗಿನಪು ಅಂತ ಸ್ವಂತ ಬುದ್ಧಿ ಬೇಡ. ಎಲ್ಲರೂ ತಲೆಯಾಡಿಸಿದರು. ಒಬ್ಬ ದಪ್ಪ ಡ್ರೈವರ್ ಮಾತ್ರ ನನ್ನ ಮೇಜಿನ ಹತ್ತಿರ ಬಂದು ನಿಂತ. ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕೀಬೋರ್ಡಿನಿಂದ ಕೈ ತೆಗೆಯದೆ, "ಏನೀಗ?" ಅಂದೆ.

"ಏನಿಲ್ಲ ಮೇಡಂ," ಅಂದು ಹೊರಟುಹೋದ.

ಮಂಗಳವಾರ ಫೋನುಗಳು ಶುರುವಾದವು. ಮೇಷ್ಟ್ರ ಹೆಂಡತಿ, "ನಮಗೆ ಒಂದೇ ಕೊಟ್ಟು ಹೋಗಿದ್ದಾರೆ," ಅಂದರು. ದರ್ಜಿಯ ಮಗ ಅದನ್ನೇ ಕೂಗಾಡಿಕೊಂಡು ಹೇಳಿದ. ಅಜ್ಜಿಯಂತೂ ನನಗೆ ಹಿಡಿಶಾಪ ಹಾಕಿದಳು. ಭಾವ ಒಂದೊಂದಕ್ಕೂ "ಕಳಿಸ್ತೀನಿ, ಈಗಲೇ ಕಳಿಸ್ತೀನಿ" ಅನ್ನುತ್ತ ಬಿಡುವಿದ್ದ ವ್ಯಾನನ್ನು ಓಡಿಸಿದರು. ನಾನು ಹಳೆಯ ಬ್ಯಾಕಪ್ ತೆರೆದು ಆ ಮನೆಗಳ ಲೆಕ್ಕ ನೋಡಿದೆ. ಪ್ರತಿ ಹೆಸರಿಗೂ ಒಂದೊಂದೇ ಸಿಲಿಂಡರ್ ಇತ್ತು. ಅಂದರೆ ತಮ್ಮನ ಹೆಸರಿನಲ್ಲಿ ಇನ್ನೊಂದು ತಪ್ಪಾಗಿ ಹೋಗುತ್ತಿತ್ತು!

"ನೋಡಿ ಭಾವ, ವರ್ಷಗಟ್ಟಲೆ ಈ ಮನೆಗಳಿಗೆ ಎರಡೆರಡು ಹೋಗಿದೆ. ಎಡವಟ್ಟಿನಿಂದ ಸಿಕ್ಕಿದ್ದು ರೂಢಿಯಾಗಿಬಿಟ್ಟಿದೆ, ಅದಕ್ಕೇ ಕೂಗಾಡ್ತಿದ್ದಾರೆ."

"ಭಲೇ ಪಟಾಕಿ!" ಅಂದರು ಭಾವ. ಆದರೆ ಅವರ ಮುಖ ಅರಳಲಿಲ್ಲ. ನನ್ನದೂ ಅಷ್ಟೇ. ಎಡವಟ್ಟು ಅಂದರೆ ಒಂದೆರಡು ಮನೆಯಲ್ಲಿ ಆಗುತ್ತದೆ, ಇಷ್ಟು ಮನೆಯಲ್ಲಿ ಒಂದೇ ರೀತಿ ಆಗುತ್ತದೆಯೇ? ರಸ್ತೆಗಳ ಪಟ್ಟಿ ತೆರೆದೆ, ಮುಚ್ಚಿದೆ. ತಾರೀಕುಗಳನ್ನು ಮತ್ತೆ ಮತ್ತೆ ತಾಳೆ ನೋಡಿದೆ. ಎಲ್ಲ ಸರಿಯಿತ್ತು. ಎಲ್ಲ ಸರಿಯಿದ್ದೂ ಕೂತಲ್ಲಿ ಕೂರಲಾಗಲಿಲ್ಲ. ಮನೆಗೆ ಹೋಗಿ ಪಾತ್ರೆ ತೊಳೆಯುವಾಗಲೂ ತಲೆಯಲ್ಲಿ ಮೇಷ್ಟ್ರು, ದರ್ಜಿ, ಅಜ್ಜಿ ಮೆರವಣಿಗೆ ಹೊರಟಿದ್ದರು.

ಬುಧವಾರ ಬೆಳಗ್ಗೆ ಅಕ್ಕ ಬಂದಳು. ಕೆನ್ನೆಗೆ ದುಪಟ್ಟಾ ಸುತ್ತಿಕೊಂಡು, ಬಂದವಳೇ ಕೌಂಟರಿನ ಪರದೆ ತಿರುಗಿಸಿಕೊಂಡಳು. ಗುರುವಾರದ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು. ಆಮೇಲೆ ಅರ್ಧ ಬಾಯಿಯಲ್ಲೇ ಕೇಳಿದಳು.

"ತಮ್ಮಂದಿರೆಲ್ಲ ಎಲ್ಲೇ?"

"ಅಳಿಸಿದೆ. ಎರಡೆರಡು ಸಲ ಬಂದಿದ್ರು."

ಅಕ್ಕ ದುಪಟ್ಟಾ ಬಿಚ್ಚಿದಳು. ನೋವಿಗೆ ಕಣ್ಣಲ್ಲಿ ನೀರು ತುಂಬಿದ್ದರೂ ಮಾತು ನಿಲ್ಲಿಸಲಿಲ್ಲ. "ಅಯ್ಯೋ ಕತ್ತೆ, ತಮ್ಮ ಅಂದ್ರೆ ಎರಡನೇ ಸಿಲಿಂಡರ್ ಕಣೇ! ಜಾಸ್ತಿ ಹರಿವು ಬೇಕಾದವರಿಗೆ ಒಂದು ಸಾಕಾಗಲ್ಲ, ಮುಂದಿನ ಸರದಿ ತನಕ ಬರಲ್ಲ. ನಿಮ್ಮ ದೊಡ್ಡಭಾವನ ಪ್ರೋಗ್ರಾಮು ಎರಡು ಅಂತ ಹಾಕಿದ್ರೆ ತಗೊಳ್ತಿರಲಿಲ್ಲ. ಅದಕ್ಕೇ ಅಂಥ ಪ್ರತಿ ಮನೆಗೂ ಒಬ್ಬ ತಮ್ಮನ್ನ ಹುಟ್ಟಿಸಿದೆ. ಡ್ರೈವರಿಗೆಲ್ಲ ಗೊತ್ತು, 'ಆ ಮನೇಲಿ ತಮ್ಮ ಇದ್ದಾನೆ' ಅಂದ್ರೆ ಎರಡು ಇಳಿಸಬೇಕು ಅಂತ."

"ಮತ್ತೆ ಪ್ರೋಗ್ರಾಮನ್ನೇ ಸರಿ ಮಾಡಿಸಬಾರದಿತ್ತಾ?"

"ಯಾರು ಹೇಳೋದು ಅವರಿಗೆ? ಒಂದು ಸಲ ಹೇಳೋಕೆ ಹೋಗಿ ಒಂದು ವಾರ ಉಗಿಸಿಕೊಂಡೆ. ತಮ್ಮನ್ನ ಹುಟ್ಟಿಸೋದೇ ಸುಲಭ ಅನ್ನಿಸ್ತು."

ಬಾಗಿಲಲ್ಲಿ ದಪ್ಪ ಡ್ರೈವರ್ ನಿಂತಿದ್ದ. ನೆಲ ನೋಡುತ್ತಲೇ, "ಸೋಮವಾರ ಇದನ್ನೇ ಹೇಳೋಣ ಅಂತ ಬಂದಿದ್ದೆ ಮೇಡಂ," ಅಂದ.

ಬ್ಯಾಕಪ್ಪಿನಿಂದ ತಮ್ಮಂದಿರ ಪಟ್ಟಿ ತೆಗೆದೆ. ನಾನು ಒಂದೊಂದೇ ಮನೆ ಓದಿದೆ, ಭಾವ ಒಂದೊಂದಕ್ಕೂ "ನಿನ್ನೆ ಕಳಿಸಿದೆ" ಅನ್ನುತ್ತ ಹೋದರು. ಮೇಷ್ಟ್ರು, ಕಳಿಸಿದೆ. ದರ್ಜಿ, ಕಳಿಸಿದೆ. ಅಜ್ಜಿ, ಅಬ್ಬ, ಕಳಿಸಿದೆ. ಕೂಗಾಡಿದವರೆಲ್ಲ ಬದುಕಿಕೊಂಡಿದ್ದರು. ಕೊನೆಗೆ ಫೋನೇ ಮಾಡದ ಒಂದು ಮನೆ ಉಳಿಯಿತು. ನಾನು ಆ ಹೆಸರು ಓದಲಿಲ್ಲ. ಪರದೆಯನ್ನು ಭಾವನ ಕಡೆ ತಿರುಗಿಸಿದೆ ಅಷ್ಟೇ.

"ಅಣ್ಣ," ಅಂದರು ಭಾವ.

ಫೋನ್ ಮಾಡಿದೆವು. ಹೊಡೆದುಕೊಂಡು ಹೊಡೆದುಕೊಂಡು ನಿಂತುಹೋಯಿತು. ಅವರ ಮಗಳಿಗೆ ಮಾಡಿದೆವು. ಅವಳು ಬೆಳಗ್ಗೆಯೇ ಕೆಲಸಕ್ಕೆ ಹೊರಟಿದ್ದಳು. "ನಾನು ಹೊರಡುವಾಗ ಕೂತ್ಕೊಂಡಿದ್ರು. ಸಿಲಿಂಡರ್ ಇದೆಯಾ ಅಂದ್ರೆ ಇದೆ ಹೋಗು ಅಂದ್ರು," ಅಂದಳು. ಡ್ರೈವರ್ ಆಗಲೇ ಎರಡು ಸಿಲಿಂಡರ್ ಎತ್ತಿ ವ್ಯಾನಿಗೆ ಹಾಕಿದ್ದ.

ಆ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಪ್ರತಿ ಸಿಗ್ನಲ್ಲೂ ನಮ್ಮನ್ನು ನೋಡಿಯೇ ಕೆಂಪಾಗುತ್ತಿತ್ತು. ಮುಂದೆ ಒಂದು ಬಸ್ಸು ಕೆಟ್ಟು ಅಡ್ಡ ನಿಂತಿತ್ತು. ಭಾವ ಇಳಿದು ಬಸ್ಸಿನ ಹಿಂದೆ ನಿಂತವರನ್ನೆಲ್ಲ ಬೈದು ಪಕ್ಕಕ್ಕೆ ಸರಿಸಿದರು. ಜೀವಮಾನದಲ್ಲಿ ಅವರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಹಿಂದೆ ಸಿಲಿಂಡರುಗಳು ಒಂದಕ್ಕೊಂದು ಬಡಿದು ಟಣ್ ಅನ್ನುತ್ತಿದ್ದವು. ನಾನು ಫೋನ್ ಕಿವಿಗಿಟ್ಟುಕೊಂಡೇ ಇದ್ದೆ. ಎತ್ತಿ ದೊಡ್ಡಭಾವ, ಎತ್ತಿ, ಹುಳುಕು ಹುಡುಕಿ, ಬಾಯಿಗೆ ಬಂದಂತೆ ಬೈಯಿರಿ, ಎತ್ತಿ ಮಾತ್ರ.

ಭಾವನ ಹತ್ತಿರ ಆ ಮನೆಯ ಬೀಗದ ಕೈ ಇತ್ತು. ದೊಡ್ಡಭಾವ ಊಟದ ಮೇಜಿನ ಹತ್ತಿರ ಕುರ್ಚಿಯಲ್ಲಿದ್ದರು. ಎರಡೂ ಮೊಣಕೈ ಮೇಜಿಗೆ ಊರಿ, ತಲೆ ಬಗ್ಗಿಸಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದರು. ಉಗುರು ನೀಲಿ. ಫೋನು ಕೈಗೆಟುಕುವ ಜಾಗದಲ್ಲೇ ಇತ್ತು, ಚಾಚುವ ಶಕ್ತಿ ಇರಲಿಲ್ಲ. ಸಿಲಿಂಡರಿನ ಮೀಟರಿನ ಮುಳ್ಳು ತಳ ಕಚ್ಚಿತ್ತು. ಇದ್ದಷ್ಟರಲ್ಲೇ ಗುರುವಾರದ ತನಕ ದೂಡಬೇಕೆಂದು ಹರಿವನ್ನು ಬಹಳ ಕಮ್ಮಿಗೆ ತಿರುಗಿಸಿಟ್ಟುಕೊಂಡಿದ್ದರು.

ಡ್ರೈವರ್ ಸ್ಪ್ಯಾನರ್ ಹಾಕಿ ಬಿಚ್ಚಿದ, ಹೊಸದಕ್ಕೆ ಬಿಗಿದ, ತಿರುಗಿಸಿದ. ಸುಂಯ್ ಅಂತ ಸದ್ದು ಬಂತು. ನಾನು ನಳಿಗೆಯನ್ನು ಅವರ ಮೂಗಿಗೆ ಸರಿಪಡಿಸಿದೆ. ಭಾವ ಡಾಕ್ಟರ ಜೊತೆ ಫೋನಿನಲ್ಲಿದ್ದರು. ಆಕ್ಸಿಜನ್ ಅಳೆಯುವ ಕ್ಲಿಪ್ ಬೆರಳಿಗೆ ಹಾಕಿ, ಸಂಖ್ಯೆ ಏರುತ್ತದೆಯೇ ನೋಡಿ, ಏರದಿದ್ದರೆ ಈಗಲೇ ಆಸ್ಪತ್ರೆಗೆ ತನ್ನಿ ಅಂದರಂತೆ ಅವರು. ನಾವೆಲ್ಲ ಆ ಪುಟ್ಟ ಕ್ಲಿಪ್ಪಿನ ಸುತ್ತ ಬಗ್ಗಿ ನಿಂತೆವು. ಒಂದು ಏರಿತು. ನಿಂತಿತು. ಇನ್ನೊಂದು ಏರಿತು. ಆಮೇಲೆ ಮೆಲ್ಲಮೆಲ್ಲಗೆ ಏರುತ್ತಲೇ ಹೋಯಿತು. ಭಾವ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತು, ಮಕ್ಕಳ ಹಾಗೆ ಅತ್ತರು.

ಮಾತು ಬರುವಷ್ಟು ಉಸಿರು ಸಿಕ್ಕ ಮೇಲೆ ದೊಡ್ಡಭಾವ ತಮ್ಮನನ್ನೇ ನೋಡಿದರು. "ಎರಡನೇದು ನೀನು ಪ್ರೀತಿಗೆ ಕಳಿಸ್ತಿದ್ದೀಯ ಅಂದ್ಕೊಂಡಿದ್ದೆ ಕಣೋ," ಅಂದರು. "ಹೊಸದು ಬಂದ ಮೇಲೆ... ನೀನು ನಿಲ್ಲಿಸಿದೆ ಅಂದ್ಕೊಂಡೆ. ಕೇಳೋದು ಹೆಂಗೆ?"

ನಾನೇ ಎಲ್ಲ ಹೇಳಿದೆ. ಅಕ್ಕ ಹುಟ್ಟಿಸಿದ ತಮ್ಮಂದಿರ ವಿಷಯ ಹೇಳಿದೆ, ಅವರ ಮನೆಗೂ ಒಬ್ಬ ತಮ್ಮನಿದ್ದದ್ದನ್ನು ಹೇಳಿದೆ, ನಾನು ಒಂದೇ ಏಟಿಗೆ ಎಲ್ಲರನ್ನೂ ಅಳಿಸಿದ್ದನ್ನು ಹೇಳಿದೆ. ಅಳಿಸು ಅಂದವರು ಅವರೇ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಇಷ್ಟು ವರ್ಷ ನನ್ನ ಪ್ರೋಗ್ರಾಮು ತಪ್ಪಾಗಿತ್ತು," ಅಂದರು. "ಯಾರೂ ನಂಗೆ ಹೇಳಲೇ ಇಲ್ಲ."

"ಹೇಳಿದ್ರೆ ಉಗೀತಿದ್ರಂತಲ್ಲ, ಅಕ್ಕ ಹೆದರಿಕೊಂಡಳು," ಅಂದೆ. ಆಮೇಲೆ ಕೇಳಿದೆ. "ಸೋಮವಾರವೇ ನಂಗೊಂದು ಫೋನ್ ಮಾಡಬಾರದಿತ್ತಾ ದೊಡ್ಡಭಾವ? ಒಂದೇ ಬಂತು ಅಂತ ಒಂದು ಮಾತು?"

"ನಂಬರ್ ಒತ್ತಿದ್ದೆ," ಅಂದರು. "ಹುಳುಕು ಹುಡುಕಬೇಡಿ ಅಂದಿದ್ದೆಯಲ್ಲ. ಮತ್ತೆ ಬೈತೀಯೇನೋ ಅಂತ... ಕಟ್ ಮಾಡಿಬಿಟ್ಟೆ."

ಉಸಿರು ಕಟ್ಟುತ್ತಿದ್ದ ಮನುಷ್ಯ ನನ್ನ ಬೈಗುಳಕ್ಕೆ ಹೆದರಿ ಫೋನ್ ಕೆಳಗಿಟ್ಟಿದ್ದರು. ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ತಪ್ಪಾಯಿತು ಅಂದೆ. ದನಿ ಸಣ್ಣದಾಗಿತ್ತು, ಕೇಳಿಸಿತೋ ಇಲ್ಲವೋ ಅಂತ ಇನ್ನೊಮ್ಮೆ ಅಂದೆ. ಆಮೇಲೆ, "ಹೊಸದರಲ್ಲಿ ಇನ್ನೇನಾದರೂ ತಪ್ಪು ಕಂಡಿದ್ದರೆ ಈಗ ಹೇಳಿ. ನಾನು ಬರ್ಕೊಳ್ತೀನಿ," ಅಂದೆ.

ಕಂಡಿತ್ತು ಅಂತ ತೋರುತ್ತದೆ. ತುಟಿ ಬಿಚ್ಚಿದವರು ತಡೆದು, ಮೊದಲು ನನ್ನ ಮುಖ ನೋಡಿದರು. ಹೇಳಬಹುದೋ ಬೇಡವೋ ಅಂತ ಅಳೆಯುವ ನೋಟ. ಅದು ನನಗೆ ಹೊಸದಲ್ಲ. ದಪ್ಪ ಡ್ರೈವರ್ ಹಾಗೇ ನೋಡಿದ್ದ. ಚಹಾ ತಂದಿಡುವಾಗ ಭಾವ ಹಾಗೇ ನೋಡುತ್ತಾರೆ. ನಾನು ಕೆಲಸಕ್ಕೆ ಹೋದ ಕಡೆಯಲ್ಲೆಲ್ಲ ಜನ ಬಾಯಿ ಬಿಡುವ ಮೊದಲು ನನ್ನನ್ನು ಹಾಗೇ ನೋಡುತ್ತಾರೆ. ಇಷ್ಟು ದಿನ ಅದನ್ನು ಮರ್ಯಾದೆ ಅಂತ ತಿಳಿದುಕೊಂಡಿದ್ದೆ.